ಒಂದು ಮದ್ದು, ಹತ್ತು ಹೆಸರು

ಹೋದ ವರ್ಷ ಮಕ್ಕಳಿಗೆ ಬೇಸಿಗೆ ರಜೆ ಸಿಕ್ಕಾಗ ನಾವು ಮನೆಮಂದಿ ಸ್ವೀಡನ್‌ಗೆ ಹೋಗಿ ಬಂದೆವು. ಮನೆಯಾಕೆಯ ತಮ್ಮ ಸ್ಟಾಕ್‌ಹೋಮಿನಲ್ಲಿ ಕೆಲಸದಲ್ಲಿದ್ದಾನೆ. ಟಿಕೆಟ್ಟು, ವೀಸಾ ಬಿಟ್ಟರೆ ಬೇರೆ ಖರ್ಚಿಲ್ಲ ಎಂಬ ಧೈರ್ಯ. ಇಲ್ಲಿ ರಸ್ತೆಯ ಡಾಂಬರು ಮೆತ್ತಗಾಗುವ ಜುಲೈಯಲ್ಲಿ ಅಲ್ಲಿ ನಾವು ಸ್ವೆಟರ್ ಹಾಕಿಕೊಂಡು ತಿರುಗಿದೆವು. ಮೂರನೆಯ ದಿನವೇ ಮನೆಯಾಕೆಗೆ ಜ್ವರ. ಸೂಟ್‌ಕೇಸಿನಲ್ಲಿ ಚಕ್ಕುಲಿ ಇತ್ತು, ಉಪ್ಪಿನಕಾಯಿ ಇತ್ತು, ಜ್ವರದ ಮಾತ್ರೆ ಮಾತ್ರ ಇರಲಿಲ್ಲ. ಇಪ್ಪತ್ತು ವರ್ಷ ಆಸ್ಪತ್ರೆಯ ಮದ್ದಿನ ಕೌಂಟರಿನಲ್ಲಿ ನಿಂತವರ ಮನೆಯ ಅವಸ್ಥೆ ಇದು!

ಮದ್ದಿನಂಗಡಿಗೆ ಅಲ್ಲಿ ಅಪೊಟೆಕ್ ಎನ್ನುತ್ತಾರೆ. ಹೋಗಿ ಪನಡೋಲ್ ಕೇಳಿದೆವು. ಆಕೆ ನಗುತ್ತಾ ಅಲ್ವೆಡಾನ್ ಎಂಬ ಡಬ್ಬಿ ಮುಂದಿಟ್ಟಳು. ತಿರುಗಿಸಿ ಸಣ್ಣ ಅಕ್ಷರ ಓದಿದರೆ ನಮ್ಮ ಹಳೆಯ ಪರಿಚಯದ ಪ್ಯಾರಾಸೆಟಮಾಲೇ. ಊರಿನಲ್ಲಿ ಡೋಲೊ, ಕ್ರೋಸಿನ್, ಕ್ಯಾಲ್ಪಾಲ್, ಇಲ್ಲಿ ಪನಡೋಲ್, ಅಡೋಲ್, ಅಮೆರಿಕದಲ್ಲಿ ಟೈಲೆನಾಲ್, ಸ್ವೀಡನ್ನಿನಲ್ಲಿ ಅಲ್ವೆಡಾನ್. ಈ ಮಾತ್ರೆಯನ್ನು ಅಲ್ಲಿ 2009ರಿಂದ ದಿನಸಿ ಅಂಗಡಿಗಳಲ್ಲೂ ಮಾರಲು ಬಿಟ್ಟಿದ್ದರು. ಹೆಚ್ಚಿಗೆ ನುಂಗಿ ವಿಷವೇರಿದ ಪ್ರಕರಣಗಳು ಏರಿದವು. 2015ರ ನವೆಂಬರಿನಿಂದ ಮತ್ತೆ ಮದ್ದಿನಂಗಡಿಗೆ ಮಾತ್ರ ಎಂದು ಕಾಯಿದೆ ಮಾಡಿದರು. ನಾವೆಲ್ಲ ಕಡಲೆಬೀಜದ ಹಾಗೆ ಬಾಯಿಗೆ ಹಾಕಿಕೊಳ್ಳುವ ಮಾತ್ರೆ ಇದು.

ಆ ಡಬ್ಬಿ ಕೈಯಲ್ಲಿದ್ದಾಗ ನಮ್ಮ ವಾರ್ಡಿಗೆ ಬಂದಿದ್ದ ಒಬ್ಬರ ನೆನಪಾಯಿತು. ಉತ್ತರ ಕರ್ನಾಟಕದವರು, ಕಟ್ಟಡದ ಸರಳು ಕಟ್ಟುವ ಕೆಲಸ. ಜ್ವರ ಬಂದು ನಾಲ್ಕು ದಿನ ರೂಮಿನಲ್ಲೇ ಮಲಗಿ, ಕಣ್ಣು ಹಳದಿಯಾದ ಮೇಲೆ ಬಂದಿದ್ದರು. ವೈದ್ಯರಿಗೂ ಅವರಿಗೂ ಭಾಷೆ ಕೂಡಲಿಲ್ಲ. ನಮ್ಮನ್ನು ಕರೆದರು. “ಏನೇನು ಮಾತ್ರೆ ತಗೊಂಡಿದ್ದೀರಿ ಅಣ್ಣಾ?” ಎಂದು ಕೇಳಿದರೆ, “ಊರಿಂದ ತಂದದ್ದೊಂದು, ಕ್ಯಾಂಪಿನ ಕ್ಲಿನಿಕ್ಕಿನಾಗ ಕೊಟ್ಟದ್ದೊಂದು, ರೂಮಿನ ಗೆಳೆಯ ನೆಗಡಿಗಂತ ಕೊಟ್ಟದ್ದೊಂದರಿ. ಮೂರೂ ಬ್ಯಾರೆ ಬ್ಯಾರೆ ಗುಳಿಗಿರಿ” ಎಂದರು. ಮೂರು ಪಟ್ಟಿಗಳನ್ನೂ ತರಿಸಿ ನೋಡಿದೆವು. ಹೆಸರು ಮೂರು, ಬಣ್ಣ ಮೂರು, ಒಳಗಿನ ಮದ್ದು ಒಂದೇ. ದೊಡ್ಡವರಿಗೆ ದಿನಕ್ಕೆ ನಾಲ್ಕು ಗ್ರಾಂ, ಅಂದರೆ 500 ಮಿಲಿಗ್ರಾಮಿನ ಎಂಟು ಮಾತ್ರೆ ಮೇರೆ. ಇವರು ಮೂರು ದಿನವೂ ಅದನ್ನು ದಾಟಿದ್ದರು. ಪುಣ್ಯಕ್ಕೆ ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿ ಗುಣವಾಗಿ ಹೋದರು. ಅವರು ಮೋಸ ಹೋದದ್ದು ಮದ್ದಿನಿಂದಲ್ಲ, ಹೆಸರಿನಿಂದ.

ಈ ಹೆಸರಿನ ತೊಡಕು ನಮ್ಮ ಹಿರಿಯರಿಗೆ ಗೊತ್ತಿತ್ತು ಎಂಬುದೇ ಈ ಬರಹದ ವಿಷಯ.

ಪುತ್ತೂರಿನ ಕಡೆಯ ನಮ್ಮ ಮನೆಯಲ್ಲಿ ದೊಡ್ಡಜ್ಜ ಒಬ್ಬರಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಕೂರಿಸಿ ಅಮರಕೋಶ ಬಾಯಿಪಾಠ ಮಾಡಿಸುತ್ತಿದ್ದರು. ಅರ್ಥ ಕೇಳಿದರೆ “ಮೊದಲು ಬಾಯಿಗೆ ಬರಲಿ” ಎನ್ನುವರು. ನಮಗೆ ಅದು ಶಿಕ್ಷೆ. ಅಮರಸಿಂಹ ಬರೆದ ಆ ಕೋಶಕ್ಕೆ ಮೂರು ಕಾಂಡ. ಎರಡನೆಯದರಲ್ಲಿ ಗಿಡಮರಗಳ ಒಂದು ಭಾಗವೇ ಇದೆ, ವನೌಷಧಿವರ್ಗ ಎಂದು. ಮಾಡುವುದು ಇಷ್ಟೇ: ಒಂದು ವಸ್ತುವಿಗಿರುವ ಹೆಸರುಗಳನ್ನೆಲ್ಲ ಒಂದೇ ಕಡೆ ಪೋಣಿಸಿಡುವುದು. ಅಮೃತಬಳ್ಳಿಗೆ ಗುಡೂಚಿ, ಅಮೃತಾ, ಛಿನ್ನರುಹಾ, ಮಧುಪರ್ಣಿ ಹೀಗೆ ಒಂಬತ್ತು ಹೆಸರು. ಯಾವ ಗ್ರಂಥದಲ್ಲಿ ಯಾವ ಹೆಸರು ಬಂದರೂ ಬಳ್ಳಿ ಒಂದೇ ಎಂದು ತಿಳಿಯಬೇಕು.

ಮುಂದೆ ಡಿ. ಫಾರ್ಮ ಸೇರಿದಾಗ ಫಾರ್ಮಕಾಗ್ನಸಿ ಎಂಬ ವಿಷಯ ಬಂತು. ಪ್ರತಿ ಮದ್ದಿನ ಗಿಡಕ್ಕೂ ಮೊದಲ ಸಾಲು ‘ಸಿನೊನಿಮ್ಸ್’, ಅಂದರೆ ಪರ್ಯಾಯ ಹೆಸರುಗಳು. ಎರಡನೆಯ ಸಾಲು ಯಾವ ಗಿಡ, ಯಾವ ಭಾಗ, ಯಾವ ಕುಟುಂಬ. ಹಾಸ್ಟೆಲಿನಲ್ಲಿ ರಾತ್ರಿಯಿಡೀ ಅದನ್ನು ಗಟ್ಟಿಯಾಗಿ ಓದುವಾಗ ದೊಡ್ಡಜ್ಜನ ಜಗಲಿಯೇ ಕಣ್ಣಮುಂದೆ ಬರುತ್ತಿತ್ತು. ಕೆಲಸ ಅದೇ, ಭಾಷೆ ಬೇರೆ.

ಅಮರಕೋಶದ ಮೂರನೆಯ ಕಾಂಡದಲ್ಲಿ ಇದಕ್ಕೆ ತಿರುಗಾಮುರುಗಾದ ಇನ್ನೊಂದು ಪಟ್ಟಿ ಇದೆ: ನಾನಾರ್ಥವರ್ಗ. ಒಂದೇ ಶಬ್ದ, ಹಲವು ವಸ್ತು. ನಮ್ಮಂಥವರಿಗೆ ಹೆಚ್ಚು ಭಯ ಇದರದ್ದೇ. ‘ಅಮೃತಾ’ ಎಂಬ ಹೆಸರನ್ನೇ ನೋಡಿ. ಅಮರಸಿಂಹ ಅದನ್ನು ಅಮೃತಬಳ್ಳಿಗೂ ಹೇಳುತ್ತಾನೆ, ಅಳಲೆಕಾಯಿಗೂ ಹೇಳುತ್ತಾನೆ, ನೆಲ್ಲಿಕಾಯಿಗೂ ಹೇಳುತ್ತಾನೆ. ಬರಿಯ ‘ಅಮೃತಾ ಚೂರ್ಣ’ ಎಂದು ಚೀಟಿಯಲ್ಲಿ ಬರೆದರೆ ಅಂಗಡಿಯವನು ಯಾವುದನ್ನು ಕೊಡಬೇಕು?

ಇದು ಹಳೆಯ ಕಾಲದ ಸಮಸ್ಯೆ ಎನ್ನಬೇಡಿ. ನಮ್ಮ ಕರಾವಳಿಯಲ್ಲಿ ಬ್ರಾಹ್ಮಿ ಅಂದರೆ ಬಹಳ ಮಂದಿಗೆ ಒಂದೆಲಗ, ತುಳುವಿನಲ್ಲಿ ತಿಮರೆ. ರೂಮಿನ ಮಲಯಾಳಿ ಗೆಳೆಯನಿಗೆ ಬ್ರಹ್ಮಿ ಅಂದರೆ ನೀರುಬ್ರಾಹ್ಮಿ. ಒಂದೆಲಗ ಕೊತ್ತಂಬರಿಯ ಕುಟುಂಬದ್ದು. ನೀರುಬ್ರಾಹ್ಮಿಗೂ ಅದಕ್ಕೂ ಸಂಬಂಧವೇ ಇಲ್ಲ. ಇಬ್ಬರೂ ಒಂದೇ ಡಬ್ಬಿಯಿಂದ ಚಮಚ ಹಾಕಿಕೊಳ್ಳುತ್ತಾರೆ. ಅಮೃತಬಳ್ಳಿಯ ವಿಷಯವೂ ಹಾಗೆ. ಕೊರೋನಾ ಕಾಲದಲ್ಲಿ ಅದನ್ನು ಸೇವಿಸಿದ್ದ ಕೆಲವರ ಯಕೃತ್ತಿಗೆ ಹಾನಿಯಾಯಿತೆಂದು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಟಿನೊಸ್ಪೊರ ಕಾರ್ಡಿಫೋಲಿಯ ಎಂಬ ನಿಜವಾದ ಅಮೃತಬಳ್ಳಿ ಬೇರೆ, ಅದನ್ನೇ ಹೋಲುವ ಟಿನೊಸ್ಪೊರ ಕ್ರಿಸ್ಪ ಬೇರೆ, ಎರಡನ್ನೂ ಬೆರೆಸಬೇಡಿ ಎಂದು ಹೇಳಿಕೆ ಕೊಟ್ಟಿತು. ವಾದ ಏನೇ ಇರಲಿ, ಅದು ಬಂದು ನಿಂತದ್ದು ‘ಈ ಹೆಸರು ಯಾವ ಬಳ್ಳಿಯದು’ ಎಂಬಲ್ಲಿ.

ಗಸಗಸೆಯ ಕಥೆ ಗಲ್ಫಿನಲ್ಲಿರುವ ನಮಗೆ ಇನ್ನೂ ಹತ್ತಿರದ್ದು. ಗಸಗಸೆ ಅಫೀಮಿನ ಗಿಡದ ಬೀಜ. ಯುಎಇ, ಸೌದಿ, ಕತಾರಿಗೆ ತರುವಂತಿಲ್ಲ. ಕೇರಳದಲ್ಲಿ ಶರಬತ್ತಿಗೆ ಹಾಕುವ ‘ಕಸ್‌ಕಸ್’ ಕಾಮಕಸ್ತೂರಿಯ ಬೀಜ, ಅದರಲ್ಲಿ ಅಪಾಯವಿಲ್ಲ. ಹೆಸರು ಕಿವಿಗೆ ಒಂದೇ. ಅಮ್ಮ ಪಾಯಸಕ್ಕೆಂದು ಕಟ್ಟಿಕೊಟ್ಟ ಪೊಟ್ಟಣದಿಂದ ವಿಮಾನ ನಿಲ್ದಾಣದಲ್ಲೇ ಕಂಬಿ ಎಣಿಸಿದವರ ಸುದ್ದಿ ನಾವೆಲ್ಲ ಕೇಳಿದ್ದೇವೆ.

ಅಮರಕೋಶದ ಆಚೆಗೆ ವೈದ್ಯರಿಗೆಂದೇ ಬರೆದ ನಿಘಂಟುಗಳಿವೆ. ಧನ್ವಂತರಿ ನಿಘಂಟು ಒಂದು, ನರಹರಿ ಪಂಡಿತನ ರಾಜನಿಘಂಟು ಇನ್ನೊಂದು. ನಮಗೆ ಹೆಚ್ಚು ಇಷ್ಟವಾದದ್ದು ರಾಜನಿಘಂಟು, ಅದಕ್ಕೆ ಕಾರಣವಿದೆ. ಸಂಸ್ಕೃತದ ಹೆಸರು ಮಾತ್ರ ಕೊಟ್ಟರೆ ಗಿಡ ಗುರುತಾಗದು ಎಂದು ನರಹರಿಗೆ ಗೊತ್ತಿತ್ತು. ಆದ್ದರಿಂದ ಗುರುತು ಸ್ಪಷ್ಟವಾಗಲೆಂದು ಕರ್ಣಾಟ ಮತ್ತು ಮಹಾರಾಷ್ಟ್ರ ಭಾಷೆಗಳ ಹೆಸರುಗಳನ್ನು ಹಿಡಿದಿದ್ದೇನೆ ಎಂದು ಪೀಠಿಕೆಯಲ್ಲೇ ಹೇಳಿಕೊಂಡಿದ್ದಾನೆ. ಸಂಸ್ಕೃತ ಪಂಡಿತನೊಬ್ಬ ಗಿಡ ಗುರುತಿಸಲು ಕನ್ನಡದ ಮೊರೆ ಹೋದ! ಜೊತೆಗೆ ಒಂದು ವಸ್ತುವಿಗೆ ಹೆಸರು ಬರುವ ದಾರಿ ಏಳು ಎನ್ನುತ್ತಾನೆ: ರೂಢಿ, ಸ್ವಭಾವ, ಆಯಾ ದೇಶದ ಮಾತು, ಗುರುತಿನ ಚಿಹ್ನೆ, ಹೋಲಿಕೆ, ವೀರ್ಯ ಅಂದರೆ ಮದ್ದಿನ ಶಕ್ತಿ, ಮತ್ತೆ ಬೇರೆ ಹೆಸರುಗಳಿಂದ ಬಂದದ್ದು.

ಈ ಏಳನ್ನು ಇಟ್ಟುಕೊಂಡು ನಮ್ಮ ಅಜ್ಜಿಯರ ಬಾಯಿಯ ಹೆಸರುಗಳನ್ನು ನೋಡಬೇಕು. ಕಡಿದು ಎಸೆದರೂ ಚಿಗುರುವುದು ಛಿನ್ನರುಹಾ, ಅದು ಸ್ವಭಾವ. ಒಂದು ಕಡ್ಡಿಗೆ ಒಂದೇ ಎಲೆ, ಒಂದೆಲಗ; ಅದು ಚಿಹ್ನೆ. ಸಂಸ್ಕೃತದಲ್ಲಿ ಅದೇ ಗಿಡ ಮಂಡೂಕಪರ್ಣಿ, ಕಪ್ಪೆಯ ಎಲೆ, ಅದು ಹೋಲಿಕೆ. ಭೂಮ್ಯಾಮಲಕಿ ಎಂದು ಪಂಡಿತರು ಅಂದದ್ದನ್ನು ಅಜ್ಜಿ ನೆಲನೆಲ್ಲಿ ಎಂದಳು. ಮುಟ್ಟಿದರೆ ಮುನಿ ಎಂದು ನಾವು ಕರೆದ ಗಿಡಕ್ಕೆ ಸ್ವೀಡನ್ನಿನ ಲಿನೇಯಸ್ ಇಟ್ಟ ಹೆಸರು ಮಿಮೋಸ ಪುಡಿಕ. ಪುಡಿಕ ಎಂದರೆ ಲ್ಯಾಟಿನ್ನಿನಲ್ಲಿ ನಾಚುವಂಥದ್ದು.

ಆ ಲಿನೇಯಸನ ಊರಿಗೂ ನಾವು ಹೋದೆವು. ಸ್ಟಾಕ್‌ಹೋಮಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಉಪ್ಸಾಲ. ವಿಶ್ವವಿದ್ಯಾಲಯದ ಊರು, ನಮ್ಮ ಮಣಿಪಾಲದ ಹಾಗೆ ಹುಡುಗರದೇ ಓಡಾಟ, ಆದರೆ ಸೈಕಲ್ಲುಗಳಲ್ಲಿ. ಅಲ್ಲಿ ಲಿನೇಯಸನ ತೋಟವನ್ನು ಅವನ ಕಾಲದ 1745ರ ನಕ್ಷೆಯಂತೆ ಮತ್ತೆ ಬೆಳೆಸಿದ್ದಾರೆ. ಮಕ್ಕಳು ಐಸ್‌ಕ್ರೀಮ್ ಬೇಕೆಂದು ಹಟ ಹಿಡಿದರು. ನಾವು ಗಿಡಗಳ ಮುಂದಿನ ಚೀಟಿ ಓದುತ್ತಾ ನಿಂತೆವು. ಇಂದು ಜಗತ್ತೆಲ್ಲ ಗಿಡಕ್ಕೆ ಎರಡು ಶಬ್ದದ ಲ್ಯಾಟಿನ್ ಹೆಸರು ಕೊಡುವ ಪದ್ಧತಿ ನೆಲೆಯೂರಿದ್ದು ಅವನ 1753ರ ‘ಸ್ಪೀಷೀಸ್ ಪ್ಲಾಂಟಾರಂ’ನಿಂದ.

ಲಿನೇಯಸ್ ಹಿಂದೂಸ್ಥಾನ ನೋಡಿದವನಲ್ಲ. ನಮ್ಮ ಕಡೆಯ ಗಿಡಗಳು ಅವನಿಗೆ ತಿಳಿದದ್ದರಲ್ಲಿ ದೊಡ್ಡ ಪಾಲು ‘ಹೊರ್ಟಸ್ ಮಲಬಾರಿಕಸ್’ ಎಂಬ ಪುಸ್ತಕದ್ದು. ಕೊಚ್ಚಿಯಲ್ಲಿದ್ದ ಡಚ್ಚರ ಅಧಿಕಾರಿ ವ್ಯಾನ್ ರೀಡ್ ಮಾಡಿಸಿದ್ದು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟವಾಗಿ ಅಚ್ಚಾಯಿತು. ಏಳುನೂರಕ್ಕೂ ಹೆಚ್ಚು ಗಿಡಗಳ ಚಿತ್ರ, ಚಿತ್ರದ ಮೇಲೆ ರೋಮನ್, ಮಲಯಾಳ, ಅರಬ್ಬಿ, ನಾಗರಿ ಲಿಪಿಗಳಲ್ಲಿ ಹೆಸರು. ಹೇಳಿಕೊಟ್ಟವರಲ್ಲಿ ಒಬ್ಬರು ಈಳವ ವೈದ್ಯ ಇಟ್ಟಿ ಅಚ್ಯುತನ್. ಇನ್ನು ಮೂವರು ಕೊಂಕಣಿ ವೈದ್ಯರು: ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. 1675ರಲ್ಲಿ ಈ ಮೂವರು ಕೊಂಕಣಿಯಲ್ಲಿ ಬರೆದುಕೊಟ್ಟ ಪತ್ರ ಮೊದಲ ಸಂಪುಟದಲ್ಲೇ ಅಚ್ಚಾಗಿದೆ. ತಾವು ಹೇಳಿದ್ದಕ್ಕೆ ಆಧಾರವಾಗಿ ಅವರು ಹೆಸರಿಸಿದ ಗ್ರಂಥ ಮಹಾನಿಘಂಟು. ಯಾರೋ ದೊಡ್ಡಜ್ಜ ಜಗಲಿಯಲ್ಲಿ ಬಾಯಿಪಾಠ ಮಾಡಿಸಿದ ಪಟ್ಟಿ ಕೊಚ್ಚಿಯಿಂದ ಆಮ್‌ಸ್ಟರ್‌ಡ್ಯಾಮಿಗೆ ಹೋಗಿ, ಅಲ್ಲಿಂದ ಉಪ್ಸಾಲದ ಮೇಜಿಗೆ ಬಂತು. ನಮ್ಮ ಆಲದ ಮರ ಲಿನೇಯಸನಲ್ಲಿ ಫೈಕಸ್ ಬೆಂಗಾಲೆನ್ಸಿಸ್. ಕೆಳಗೆ ಆಧಾರವಾಗಿ ಮಲಬಾರಿನ ‘ಪೇರಾಲು’ ಇದೆ. ಕಾಸರಕಕ್ಕೆ ಸ್ಟ್ರಿಕ್ನಸ್ ನಕ್ಸ್‌ವಾಮಿಕ. ಕೆಳಗೆ ‘ಕಾಂಜಿರಂ’ ಇದೆ.

ಒಂದು ಮಾತು ಹೇಳಲೇಬೇಕು. ಗ್ರೀಕು, ಲ್ಯಾಟಿನ್ ಮೂಲವಿಲ್ಲದ ಹೆಸರು ಗಿಡದ ಕುಲಕ್ಕೆ ತಕ್ಕದ್ದಲ್ಲ ಎಂಬುದು ಲಿನೇಯಸನ ನಿಯಮ. ಹಾಗಾಗಿ ನಮ್ಮ ಹೆಸರುಗಳು ಕೆಳಗಿನ ಸಾಲಿಗೆ ಇಳಿದವು. ಸರ್ಪಗಂಧ ಈಗ ರಾವುಲ್ಫಿಯ. ಮದ್ದಿನ ಗಿಡ ಹುಡುಕುತ್ತಾ ಬಗ್ದಾದಿನವರೆಗೆ ಬಂದಿದ್ದ ಜರ್ಮನ್ ವೈದ್ಯ ರಾವುಲ್ಫನ ನೆನಪಿಗೆ. ಬೇಸರವಾಗುತ್ತದೆ. ಆದರೆ ಅವನ ಪದ್ಧತಿಯಿಂದ ಉಪಕಾರವಾಗಿಲ್ಲ ಎಂದರೆ ಸುಳ್ಳಾದೀತು. ಅದಿಲ್ಲದಿದ್ದರೆ ಒಂದೆಲಗ, ನೀರುಬ್ರಾಹ್ಮಿಗಳ ಜಗಳ ಬಿಡಿಸಲು ನಮಗೆ ಮಾತೇ ಇರುತ್ತಿರಲಿಲ್ಲ. ಲ್ಯಾಟಿನ್ ಹೆಸರೂ ಕೊನೆಯ ಮಾತಲ್ಲ ಎಂಬುದು ಬೇರೆ ವಿಷಯ. ಲಿನೇಯಸ್ ಒಂದೆಲಗವನ್ನು ಹೈಡ್ರೊಕೊಟೈಲ್ ಎಂದಿದ್ದ, ಈಗ ಸೆಂಟೆಲ್ಲ.

ಅದೇ ಉಪ್ಸಾಲದಲ್ಲಿ ನಮ್ಮಂಥವರಿಗೆ ಇನ್ನೊಂದು ಕ್ಷೇತ್ರವಿದೆ, ಪ್ರವಾಸಿಗಳು ಯಾರೂ ನೋಡುವುದಿಲ್ಲ. ಅದನ್ನು ಹೇಳುವ ಮೊದಲು ಥಾಲಿಡೊಮೈಡ್ ಎಂಬ ಮದ್ದಿನ ಕಥೆ ಹೇಳಬೇಕು. ನಿದ್ದೆಗೆ, ಬಸುರಿಯರ ವಾಂತಿಗೆ ಎಂದು 1957ರಿಂದ ಮಾರಿದ ಮಾತ್ರೆ. ಜರ್ಮನಿಯಲ್ಲಿ ಕೊಂಟರ್‌ಗಾನ್, ಇಂಗ್ಲೆಂಡಿನಲ್ಲಿ ಡಿಸ್ಟಾವಲ್, ಸ್ವೀಡನ್ನಿನಲ್ಲಿ ನ್ಯೂರೊಸೆಡಿನ್, ಜಪಾನಿನಲ್ಲಿ ಐಸೊಮಿನ್. ಕೈಕಾಲು ಬೆಳೆಯದ ಸಾವಿರಾರು ಶಿಶುಗಳು ಹುಟ್ಟಿದ ಮೇಲೆ 1961ರ ಕೊನೆಗೆ ಹಿಂದಕ್ಕೆ ತೆಗೆದುಕೊಳ್ಳತೊಡಗಿದರು. ಅಮೆರಿಕದಲ್ಲಿ ಅದಕ್ಕೆ ಅನುಮತಿಯೇ ಸಿಕ್ಕಿರಲಿಲ್ಲ. ಆದರೂ ಅಲ್ಲಿನ ಟಿವಿ ಕಾರ್ಯಕ್ರಮದ ಷೆರಿ ಫಿಂಕ್‌ಬೈನ್ ಎಂಬ ಬಸುರಿ ಅದನ್ನು ನುಂಗಿದ್ದಳು. ಗಂಡ ಇಂಗ್ಲೆಂಡಿಗೆ ಹೋಗಿದ್ದಾಗ ಕೊಂಡು ತಂದಿದ್ದ ಮಾತ್ರೆ. ಪತ್ರಿಕೆಯಲ್ಲಿ ಯುರೋಪಿನ ಮದ್ದಿನ ಸುದ್ದಿ ಓದಿ ಅನುಮಾನ ಬಂದು ವೈದ್ಯರನ್ನು ಕೇಳಿದಳು. ವಿಚಾರಿಸಿದರೆ ಹೆಸರು ಬೇರೆ, ಮದ್ದು ಅದೇ. ಊರಲ್ಲಿ ದೊಡ್ಡ ಗದ್ದಲವಾಗಿ, ಕೊನೆಗೆ 1962ರ ಆಗಸ್ಟಿನಲ್ಲಿ ಗರ್ಭ ತೆಗೆಸಲು ಆಕೆ ಸ್ವೀಡನ್ನಿಗೆ ಹೋಗಬೇಕಾಯಿತು. ಸೂಟ್‌ಕೇಸಿನಲ್ಲಿ ಬಂದ ಒಂದು ಮಾತ್ರೆ! ನಮ್ಮಲ್ಲಿ ಯಾರ ಸೂಟ್‌ಕೇಸಿನಲ್ಲಿ ಬಂದಿಲ್ಲ?

ಆ ದುರಂತದಿಂದ ಪಾಠ ಕಲಿತು ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಮದ್ದಿನ ಅಡ್ಡಪರಿಣಾಮಗಳನ್ನು ದೇಶದೇಶಗಳಿಂದ ಕಲೆಹಾಕಲು ಆರಂಭಿಸಿತು. 1978ರಿಂದ ಆ ಕೆಲಸ ನಡೆಯುವುದು ಉಪ್ಸಾಲದ ಕೇಂದ್ರದಲ್ಲಿ. ಭಾರತವೂ ನಾವಿರುವ ಗಲ್ಫಿನ ದೇಶಗಳೂ ಅಲ್ಲಿಗೆ ವರದಿ ಕಳಿಸುತ್ತವೆ. ಆಸ್ಪತ್ರೆಯಲ್ಲಿ ಯಾರಿಗಾದರೂ ಮಾತ್ರೆಯಿಂದ ಮೈಯೆಲ್ಲ ದದ್ದು ಎದ್ದರೆ ನಾವು ತುಂಬುವ ಫಾರಂ ಕೊನೆಗೆ ಮುಟ್ಟುವುದು ಅಲ್ಲಿಗೇ. ಕೋಟಿಗಟ್ಟಲೆ ವರದಿಗಳಿವೆ. ಒಂದೊಂದು ದೇಶದಲ್ಲಿ ಒಂದೊಂದು ಹೆಸರಾದರೆ ಕೂಡಿಸುವುದು ಹೇಗೆ? ಅದಕ್ಕೆಂದು ಅವರು ಒಂದು ದೊಡ್ಡ ಮದ್ದಿನ ಕೋಶ ಇಟ್ಟಿದ್ದಾರೆ: ಜಗತ್ತಿನಲ್ಲಿ ಮಾರುವ ಹೆಸರುಗಳು ಒಂದು ಕಡೆ, ಒಳಗಿನ ಮದ್ದು ಇನ್ನೊಂದು ಕಡೆ. ಗಿಡಮೂಲಿಕೆಗಳಿಗೂ ಪರ್ಯಾಯ ಹೆಸರುಗಳ ಪಟ್ಟಿ ಮಾಡಿದ್ದಾರೆ. ಇದು ನಿಘಂಟಲ್ಲದೆ ಮತ್ತೇನು?

ಮದ್ದಿಗೆ ಯಾವ ಕಂಪನಿಯದೂ ಅಲ್ಲದ ಒಂದು ಸಾಮಾನ್ಯ ಹೆಸರಿಡುವ ಕೆಲಸವನ್ನೂ ವಿಶ್ವ ಆರೋಗ್ಯ ಸಂಸ್ಥೆ ಮಾಡುತ್ತದೆ. ಮೊದಲ ಪಟ್ಟಿ 1953ರದ್ದು. ಅಟೆನೊಲೋಲ್, ಮೆಟೊಪ್ರೊಲೋಲ್, ಬಾಲದಲ್ಲಿ ‘ಒಲೋಲ್’ ಇದ್ದರೆ ಒಂದೇ ಬಳಗ. ಅಟೊರ್ವಸ್ಟಾಟಿನ್, ರೊಸುವಸ್ಟಾಟಿನ್; ಬಾಲ ‘ವಸ್ಟಾಟಿನ್’, ಕೊಲೆಸ್ಟರಾಲಿನ ಮದ್ದು. ನರಹರಿ ಹೇಳಿದ ‘ವೀರ್ಯದಿಂದ ಬಂದ ಹೆಸರು’ ಇದೇ ತಾನೆ. ಅಂಗಡಿಯ ಹೆಸರು ನಂಬುವಂತಿಲ್ಲ. ಫ್ಲೊಮ್ಯಾಕ್ಸ್ ಎಂದರೆ ಅಮೆರಿಕದಲ್ಲಿ ಗಂಡಸರ ಮೂತ್ರದ ತೊಂದರೆಗೆ. ಇಟಲಿಯಲ್ಲಿ ಅದೇ ಹೆಸರಿನಲ್ಲಿ ಊತದ ಮದ್ದು ಮಾರುತ್ತಿದ್ದರು.

ರಾಜ್ಯೋತ್ಸವದ ವೇದಿಕೆಗಳಲ್ಲಿ ನಿಘಂಟು, ಶಾಸ್ತ್ರ ಎಂದ ಕೂಡಲೇ ಎರಡು ಬಗೆಯ ಮಾತು ಕೇಳುತ್ತೇವೆ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂಬುದು ಒಂದು. ಹಳೆಯ ಉರುಹೊಡೆಯುವಿಕೆ, ಬಿಟ್ಟುಬಿಡಿ ಎಂಬುದು ಇನ್ನೊಂದು. ನಮಗೆ ಎರಡೂ ಒಪ್ಪಿಗೆಯಿಲ್ಲ. ಎಲ್ಲವೂ ಇತ್ತು ಎನ್ನುವವರು ಒಮ್ಮೆಯೂ ನಿಘಂಟು ತೆರೆದಿರುವುದಿಲ್ಲ. ತೆರೆದರೆ ಅಲ್ಲಿರುವುದು ಬಡಾಯಿಯಲ್ಲ, ‘ಹುಷಾರು, ಹೆಸರು ಬಹಳ’ ಎಂಬ ಎಚ್ಚರಿಕೆ. ಬಿಟ್ಟುಬಿಡಿ ಎನ್ನುವವರ ತಪ್ಪು ಇನ್ನೂ ದೊಡ್ಡದು. ಕನ್ನಡದಲ್ಲೇ ರನ್ನಕಂದದಿಂದ ಹಿಡಿದು ನಾಗವರ್ಮನ ಅಭಿಧಾನವಸ್ತುಕೋಶ, 1398ರ ಮಂಗರಾಜನ ನಿಘಂಟುವರೆಗೆ ಈ ಕೆಲಸ ನಡೆದಿದೆ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ಗಿಡಗಳ ಕನ್ನಡ ಹೆಸರಿನ ಪಕ್ಕದಲ್ಲಿ ಲ್ಯಾಟಿನ್ ಹೆಸರೂ ಇದೆ. ಇವನ್ನು ಗಾಜಿನ ಕಪಾಟಿನಲ್ಲಿಟ್ಟು ಮಾಲೆ ಹಾಕುವುದಕ್ಕಿಂತ ಮುಂದುವರಿಸುವುದು ಲೇಸು.

ಸಂಘದ ಗೆಳೆಯರ ಮುಂದೆ ನಾವು ಇಡುವ ಬೇಡಿಕೆ ಸಣ್ಣದು. ಈ ಸಲದ ರಾಜ್ಯೋತ್ಸವದ ದಿನ ಊಟದ ಪೆಂಡಾಲಿನ ಪಕ್ಕ ಒಂದು ಮೇಜು ಕೊಡಿ. ನಮ್ಮ ಕೆಲಸದವರು ಮೂರ್ನಾಲ್ಕು ಮಂದಿ ಕೂರುತ್ತೇವೆ. ಯಾರ ಹತ್ತಿರ ಯಾವ ಮಾತ್ರೆ, ಚೂರ್ಣ, ಲೇಹ್ಯ ಇದೆಯೋ ಚೀಲದಲ್ಲಿ ಹಾಕಿ ತರಲಿ. ಒಬ್ಬೊಬ್ಬರಿಗೂ ಜೇಬಿನ ಅಳತೆಯ ಕಾರ್ಡಿನಲ್ಲಿ ಬರೆದುಕೊಡುತ್ತೇವೆ: ಪೊಟ್ಟಣದ ಹೆಸರು, ಒಳಗಿನ ಮದ್ದು, ಎಷ್ಟು, ಯಾತಕ್ಕೆ, ಯಾವುದರ ಜೊತೆ ಕೂಡದು. ಕನ್ನಡದಲ್ಲೊಮ್ಮೆ, ವೈದ್ಯರಿಗೆ ತೋರಿಸಲು ಇಂಗ್ಲಿಷಿನಲ್ಲೊಮ್ಮೆ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ನೋವಿನ ಮಾತ್ರೆ ಮುಂತಾದವನ್ನು ಅನುಮತಿಯಿಲ್ಲದೆ ಇಲ್ಲಿಗೆ ತಂದು ಸಿಕ್ಕಿಬೀಳುವವರಿಗೂ ಆ ಕಾರ್ಡಿನಲ್ಲೊಂದು ಸಾಲು.

‘ಸಂಘ ಇರುವುದು ಭಾಷೆ, ಸಂಸ್ಕೃತಿಗೆ, ಮದ್ದಿಗೆ ಆಸ್ಪತ್ರೆ ಇದೆಯಲ್ಲ’ ಎಂದು ಒಬ್ಬ ಹಿರಿಯರು ಹೇಳಿದರು. ಸ್ವಾಮಿ, ಕಣ್ಣು ಹಳದಿಯಾಗಿ ಬಂದ ಆ ಅಣ್ಣನಿಗೆ ಆಸ್ಪತ್ರೆ ಇತ್ತು, ವೈದ್ಯರಿದ್ದರು, ಯಂತ್ರಗಳಿದ್ದವು. ಇಲ್ಲದೆ ಹೋದದ್ದು ಭಾಷೆಯೇ.

ಮೇಜಿನ ಮೇಲೆ ಒಂದು ನೋಟ್‌ಬುಕ್ಕನ್ನೂ ಇಡುತ್ತೇವೆ. ಮನೆಮದ್ದಿನ ಗಿಡಗಳ ಹೆಸರಿಗೆ. ತುಳು, ಕೊಂಕಣಿ, ಬ್ಯಾರಿ, ಹವ್ಯಕ, ಕೊಡವ ಎಂದು ಅಂಕಣ ಎಳೆದಾಗಿದೆ. ಕಲಬುರಗಿ, ಬೀದರ್ ಕಡೆಯ ಮಾತಿಗೂ ಒಂದು ಅಂಕಣ ಬಿಟ್ಟಿದ್ದೇವೆ. ಕೊನೆಯ ಅಂಕಣ ಲ್ಯಾಟಿನ್ ಹೆಸರಿಗೆ. ಅದನ್ನು ನಾವು ತುಂಬುತ್ತೇವೆ. ಮೊದಲ ಪುಟದಲ್ಲಿ ಒಂದೆಲಗ, ಎರಡನೆಯದರಲ್ಲಿ ನೆಲನೆಲ್ಲಿ ಬರೆದು ನಿಲ್ಲಿಸಿದ್ದೇವೆ. ಊರಿಗೆ ಫೋನ್ ಮಾಡಿದಾಗ ಅಮ್ಮನನ್ನೋ ಅತ್ತೆಯನ್ನೋ ಕೇಳಿ ಬರೆದುಕೊಂಡು ಬನ್ನಿ. ಅರ್ಧ ತಿಂದ ಮಾತ್ರೆಯ ಪಟ್ಟಿಯಿದ್ದರೆ ಹೆಸರಿರುವ ತುದಿಯನ್ನು ಹರಿಯದೆ ತನ್ನಿ.